ಹಳೆಯ ಹೆಸರು, ಹೊಸ ಕೆಲಸ

ಒಬ್ಬರು ಕೆಲಸಕ್ಕೆ ಸೇರಿದ ಮೊದಲ ಕೆಲವು ತಿಂಗಳಲ್ಲೇ ಅವರ ಬಗ್ಗೆ ಜೊತೆಯವರ ಮನಸ್ಸಿನಲ್ಲಿ ಒಂದು ಅಭಿಪ್ರಾಯ ನೆಲೆಯೂರುತ್ತದೆ. ಆಮೇಲೆ ಅವರು ಕಲಿಯುತ್ತಾರೆ, ಪಳಗುತ್ತಾರೆ, ದೊಡ್ಡ ಜವಾಬ್ದಾರಿ ಹೊರುತ್ತಾರೆ. ಅಭಿಪ್ರಾಯ ಮಾತ್ರ ಕದಲುವುದಿಲ್ಲ. ಹತ್ತು ವರ್ಷದ ಹಿಂದಿನ ಗುರುತಿನಲ್ಲೇ ಅವರನ್ನು ಕರೆಯುತ್ತಾರೆ. ಆ ಗುರುತಿಗೆ ತಕ್ಕ ಕೆಲಸವನ್ನೇ ಕೊಡುತ್ತಾರೆ. ಈ ಹಳೆಯ ಗುರುತನ್ನು ಹೊಸದು ಮಾಡಿಕೊಳ್ಳುವುದು ಹೇಗೆ? ಅದೂ ಬಡಾಯಿ ಎನಿಸದಂತೆ, ಹೇಳುವವರಿಗೂ ಮುಜುಗರವಾಗದಂತೆ ಹೇಗೆ? ಈ ಹೊತ್ತಿನ ವಿಷಯ ಇದು.

ಕೇಳುಗರೇ, ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ತಾಲ್ಲೂಕುಗಳಲ್ಲಿ ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಗ್ರಾಮ ಪಂಚಾಯಿತಿಯ ಬಾಗಿಲಲ್ಲೇ ಸಿಗುತ್ತದೆ. ಬಿಲ್ ಕಲೆಕ್ಟರ್ ಆಗಿ ಸೇರಿದವರು ಮನೆ ಕಂದಾಯ, ನೀರಿನ ಕಂದಾಯ ವಸೂಲಿ ಮಾಡುತ್ತಲೇ ಕಂಪ್ಯೂಟರ್ ಕಲಿಯುತ್ತಾರೆ. ಇ-ಸ್ವತ್ತಿನ ಕೆಲಸ ತಿಳಿದುಕೊಳ್ಳುತ್ತಾರೆ. ಕೆಲವರು ಬಡ್ತಿ ಪಡೆದು ಕಾರ್ಯದರ್ಶಿಯೂ ಆಗುತ್ತಾರೆ. ಆದರೆ ತಂತ್ರಾಂಶದಲ್ಲಿ ತೊಡಕು ಬಂದಾಗ ಪಕ್ಕದ ಪಂಚಾಯಿತಿಯವರಿಗೆ ಫೋನ್ ಹೋಗುತ್ತದೆ. ಎದುರಿಗೇ ಕೂತಿರುವವರಿಗೆ ಅದು ಗೊತ್ತು ಎಂಬುದು ಯಾರಿಗೂ ಹೊಳೆಯುವುದಿಲ್ಲ. ಅವರು ಎಲ್ಲರ ಪಾಲಿಗೆ ಇನ್ನೂ ಕಂದಾಯದ ರಸೀದಿ ಪುಸ್ತಕ ಹಿಡಿದು ಓಡಾಡುವವರೇ.

ಅಂಗನವಾಡಿಯಲ್ಲೂ ಹೀಗೆ. ಸಹಾಯಕಿಯಾಗಿ ಸೇರಿದವರಿಗೆ ಓದು, ಅನುಭವ ಇದ್ದರೆ ಕಾರ್ಯಕರ್ತೆಯಾಗುವ ಅವಕಾಶವಿದೆ. ಹಾಗೆ ಆದ ಮೇಲೂ ಮೀಟಿಂಗಿನಲ್ಲಿ ಕಾಫಿ ಲೋಟ ಎತ್ತಲು ಹಿಂದಿನಂತೆಯೇ ಅವರ ಕಡೆ ನೋಡುತ್ತಾರೆ. ಹಾಲಿನ ಡೈರಿಯ ಪರೀಕ್ಷಕ, ಬಿಇಒ ಕಚೇರಿಯ ಗುಮಾಸ್ತ, ಆಸ್ಪತ್ರೆಯ ಪ್ರಯೋಗಾಲಯದ ಸಿಬ್ಬಂದಿ, ಯಾರನ್ನು ಕೇಳಿದರೂ ಇಂಥದ್ದೊಂದು ಅನುಭವ ಹೇಳುತ್ತಾರೆ.

ಗುರುತು ಹಳೆಯದಾಗಿ ಉಳಿದುಬಿಡುತ್ತದೆ ಎಂಬುದು ಇಷ್ಟಾಯಿತು. ಹಾಗೇಕೆ ಉಳಿಯುತ್ತದೆ ಎಂಬುದು ಮುಂದಿನ ಪ್ರಶ್ನೆ.

ಇದನ್ನು ಮನಃಶಾಸ್ತ್ರಜ್ಞರು ನೂರು ವರ್ಷದಿಂದ ನೋಡುತ್ತಾ ಬಂದಿದ್ದಾರೆ. 1920ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಒಂದು ಲೇಖನ ಬರೆದರು. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ಅವರು ಪರಿಶೀಲಿಸಿದ್ದರು. ಮೈಕಟ್ಟಿಗೆ ಒಳ್ಳೆಯ ಅಂಕ ಬಂದವನಿಗೆ ಬುದ್ಧಿಗೂ ನಾಯಕತ್ವಕ್ಕೂ ನಡತೆಗೂ ಒಳ್ಳೆಯ ಅಂಕವೇ ಬಂದಿತ್ತು. ಒಂದು ಗುಣ ಕಂಡ ಕಣ್ಣು ಉಳಿದ ಗುಣಗಳನ್ನು ಬೇರೆಯಾಗಿ ಅಳೆಯುತ್ತಿರಲಿಲ್ಲ. ಮೈಸೂರಿನವರಿಗೆ ಇಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರ ನೆನಪಾದೀತು. 1935ರಲ್ಲಿ ತಮ್ಮ ಮನೆಯಲ್ಲೇ ಆಕಾಶವಾಣಿ ಎಂಬ ಬಾನುಲಿ ಕೇಂದ್ರ ಆರಂಭಿಸಿದವರು ಅವರು. ವೃತ್ತಿಯಲ್ಲಿ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕರು. ನಾಡಿನಲ್ಲಿ ಈ ಶಾಸ್ತ್ರವನ್ನು ಬೆಳೆಸಿದವರಲ್ಲಿ ಮೊದಲಿಗರು. ಅವರನ್ನೂ ಜನ ಬಾನುಲಿಯಿಂದಲೇ ನೆನೆಯುತ್ತಾರೆ. ಅಷ್ಟು ದೊಡ್ಡವರ ವಿಷಯದಲ್ಲೇ ಒಂದು ಗುರುತು ಇನ್ನೊಂದನ್ನು ಮರೆಸಿತು.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯ. ತಾವು ಮಾಡುತ್ತಿರುವುದನ್ನು ಎಲ್ಲರೂ ನೋಡುತ್ತಿದ್ದಾರೆ ಎಂದು ಮನುಷ್ಯರು ನಂಬಿರುತ್ತಾರೆ. ಅದು ನಿಜವಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು ಇದನ್ನು ಪರೀಕ್ಷೆ ಮಾಡಿ 2000ದಲ್ಲಿ ಪ್ರಕಟಿಸಿದರು. ಒಬ್ಬ ಹಾಡುಗಾರನ ದೊಡ್ಡ ಚಿತ್ರವಿರುವ ಅಂಗಿಯನ್ನು ವಿದ್ಯಾರ್ಥಿಗೆ ತೊಡಿಸಿದರು. ಅದನ್ನು ತೊಡಲು ಆ ವಯಸ್ಸಿನವರಿಗೆ ನಾಚಿಕೆ. ತುಂಬಿದ ಕೋಣೆಗೆ ಕಳಿಸಿದರು. ಅರ್ಧದಷ್ಟು ಜನ ಗಮನಿಸಿರಬೇಕು ಎಂದು ತೊಟ್ಟವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದವರು ಸುಮಾರು ಕಾಲುಭಾಗ. ಕಣ್ಣಿಗೆ ಹೊಡೆಯುವ ಅಂಗಿಯೇ ಮುಕ್ಕಾಲು ಜನಕ್ಕೆ ಕಾಣಲಿಲ್ಲ. ಹಾಗಿರುವಾಗ ಕಡತದೊಳಗೆ, ರಿಜಿಸ್ಟರಿನೊಳಗೆ, ತಂತ್ರಾಂಶದೊಳಗೆ ನಡೆದ ಕೆಲಸ ತಾನಾಗಿ ಯಾರಿಗೆ ಕಂಡೀತು? "ಮಾಡಿದ್ದು ಗೊತ್ತಿದ್ದೂ ಸುಮ್ಮನಿದ್ದಾರೆ" ಎಂದು ಮನಸ್ಸು ಕಹಿ ಮಾಡಿಕೊಳ್ಳುವ ಮುನ್ನ ಒಂದು ಮಾತು ಯೋಚಿಸಬೇಕು. ಬಹುಪಾಲು ಅವರಿಗೆ ಗೊತ್ತೇ ಇರುವುದಿಲ್ಲ.

ಗುರುತು ಹಳೆಯದಾಗಿಯೇ ಉಳಿಯಲು ಜೊತೆಯವರ ಕೆಟ್ಟತನ ಕಾರಣವಲ್ಲ, ಹೊಸ ಸುದ್ದಿ ಅವರಿಗೆ ತಲುಪದಿರುವುದೇ ಕಾರಣ ಎಂದಾಯಿತು. ಹಾಗಾದರೆ ತಲುಪಿಸಿದರಾಯಿತು. ಅಲ್ಲೇ ಎಲ್ಲರೂ ತಡೆಯುವುದು.

ತಡೆಯುವುದಕ್ಕೆ ಕಾರಣ ಹಗುರವಾದದ್ದಲ್ಲ. ಕನ್ನಡ ನಾಡಿನಲ್ಲಿ ಆತ್ಮಸ್ತುತಿ ದೊಡ್ಡ ದೋಷ. ಶಾಲೆಯ ಪ್ರಾರ್ಥನೆಯಲ್ಲಿ ಮಕ್ಕಳು ಹೇಳುವ ಬಸವಣ್ಣನವರ ವಚನವೊಂದು ಕಳವು, ಕೊಲೆ, ಸುಳ್ಳುಗಳ ಸಾಲಿನಲ್ಲೇ ಅದನ್ನೂ ಇಟ್ಟಿದೆ. ತನ್ನ ಬೆನ್ನು ತಾನೇ ತಟ್ಟಿಕೊಳ್ಳುವವರನ್ನು ಊರು ನಂಬುವುದಿಲ್ಲ. ಈ ಸಂಕೋಚ ಬಿಡಬೇಕಾದ ರೋಗವಲ್ಲ. ಅದರಲ್ಲಿ ವಿವೇಕವಿದೆ. ಆ ವಚನದಲ್ಲಿ ತನ್ನನ್ನು ಹೊಗಳಿಕೊಳ್ಳುವುದರ ಜೊತೆಯಲ್ಲೇ ಇತರರನ್ನು ಹಳಿಯುವುದೂ ಬರುತ್ತದೆ. ನಿಜಜೀವನದಲ್ಲೂ ಅವೆರಡು ಜೊತೆಯಾಗಿಯೇ ನಡೆಯುತ್ತವೆ. ಆದರೆ ಆಗಿರುವ ಕೆಲಸವನ್ನು ಇದ್ದಂತೆ ತಿಳಿಸುವುದು ಹೊಗಳಿಕೆಯಲ್ಲ, ಯಾರ ನಿಂದೆಯೂ ಅಲ್ಲ. ವರದಿ ಒಪ್ಪಿಸುವುದು ಕೆಲಸದ ಒಂದು ಭಾಗ.

ಸಂಕೋಚದ ಭಾರ ಎಲ್ಲರ ಮೇಲೂ ಒಂದೇ ಸಮ ಬೀಳುವುದಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕ್ರಿಸ್ಟಿನ್ ಎಕ್ಸ್‌ಲಿ ಮತ್ತು ಜಡ್ ಕೆಸ್ಲರ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು 2022ರಲ್ಲಿ ಅಚ್ಚಾಯಿತು. ಗಂಡಸರಿಗೂ ಹೆಂಗಸರಿಗೂ ಒಂದೇ ಪರೀಕ್ಷೆ ಕೊಟ್ಟು, ಎಷ್ಟು ಚೆನ್ನಾಗಿ ಮಾಡಿದಿರಿ ಎಂದು ಕೇಳಿದ್ದರು. ನೂರಕ್ಕೆ ಗಂಡಸರು ತಮಗೆ ಸರಾಸರಿ 60ರ ಸುಮಾರು ಕೊಟ್ಟುಕೊಂಡರು. ಹೆಂಗಸರು 45ರ ಸುಮಾರು. ಪರೀಕ್ಷೆಯಲ್ಲಿ ಹೆಂಗಸರೇನೂ ಹಿಂದೆ ಬಿದ್ದಿರಲಿಲ್ಲ. ತಮಗೆ ಬಂದ ಅಂಕ ನಿಖರವಾಗಿ ಗೊತ್ತಿದ್ದಾಗಲೂ ಅವರು ತಮ್ಮನ್ನು ಕಡಿಮೆಯಾಗಿಯೇ ಹೇಳಿಕೊಂಡರು. ಆಶಾ, ಅಂಗನವಾಡಿ, ಸ್ತ್ರೀಶಕ್ತಿ ಗುಂಪುಗಳ ಲೆಕ್ಕಪತ್ರ, ಇವೆಲ್ಲ ಹೆಂಗಸರ ಕೈಯಲ್ಲಿ ನಡೆಯುವ ಕೆಲಸಗಳು. ಎಷ್ಟು ಕೆಲಸ ಹೇಳದೆ ಉಳಿದಿರಬಹುದು ಎಂದು ಕೇಳುಗರೇ ಊಹಿಸಬಹುದು.

ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳಿಂದ ಓದಿ ಬಂದ ಮೊದಲ ತಲೆಮಾರಿನ ನೌಕರರಿಗೆ ತೊಡಕು ಇನ್ನೂ ಹೆಚ್ಚು. ಜೇನುಕುರುಬ, ಬೆಟ್ಟಕುರುಬ ಯುವಕ ಯುವತಿಯರ ಬಗ್ಗೆ ಅಭಿಪ್ರಾಯ ಅವರು ಸೇರುವ ಮೊದಲೇ ಸಿದ್ಧವಾಗಿರುತ್ತದೆ. "ಇವರಿಗೆ ಕಾಡು ಚೆನ್ನಾಗಿ ಗೊತ್ತು" ಎನ್ನುತ್ತಾರೆ. ಅದು ಮೆಚ್ಚುಗೆಯೇ. ಆದರೆ ಅದೇ ಮಾತು ಅವರನ್ನು ವರ್ಷಗಟ್ಟಲೆ ಹಾಡಿಯ ಓಡಾಟಕ್ಕೇ ಕಟ್ಟಿಹಾಕುತ್ತದೆ. ಲೆಕ್ಕ ಬಲ್ಲವರು, ಪತ್ರ ಬರೆಯಬಲ್ಲವರು ಅವರೊಳಗಿದ್ದಾರೆ ಎಂಬುದು ಕಚೇರಿಗೆ ಕಾಣುವುದಿಲ್ಲ. ಒಳ್ಳೆಯ ಗುರುತೂ ಬೇಲಿಯಾಗುತ್ತದೆ. ಇದನ್ನು ತೆಗೆಯುವ ಹೊರೆಯನ್ನು ಅವರೊಬ್ಬರ ಹೆಗಲಿಗೇ ಹಾಕುವುದು ನ್ಯಾಯವಲ್ಲ. ಆ ಮಾತು ಮುಂದೆ ಬರುತ್ತದೆ.

ಹೇಳಬೇಕು, ಆದರೆ ಹೇಳಲು ಸಂಕೋಚ ಎಂಬಲ್ಲಿಗೆ ಬಂದೆವು. ಇನ್ನು ಹೇಳುವ ಬಗೆ ನೋಡಬೇಕು. ಈ ಭಾಷಣದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದೇ.

ಹೇಳುವ ಮಾತಿನಲ್ಲಿ ಗುಣವಾಚಕ ಬೇಡ, ಕೆಲಸ ಇರಲಿ. "ನಾನು ಚುರುಕು", "ನಾನಿಲ್ಲದಿದ್ದರೆ ಈ ಪಂಚಾಯ್ತಿ ನಡೆಯೋದಿಲ್ಲ" ಎನ್ನುವ ಮಾತುಗಳು ತೀರ್ಪುಗಳು. ತೀರ್ಪು ಕೊಡುವ ಹಕ್ಕು ಕೇಳುವವರದು. ಅದನ್ನು ಕಿತ್ತುಕೊಂಡರೆ ಅವರಿಗೆ ಸಿಟ್ಟು ಬರುತ್ತದೆ. ಏನು ಮಾಡಿದ್ದಾಯಿತು, ಅದರಿಂದ ಏನಾಯಿತು, ಇನ್ನು ಮುಂದೆ ಯಾವುದಕ್ಕೆ ಕರೆಯಬಹುದು ಎಂದಷ್ಟೇ ತಿಳಿಸಿದರೆ ತೀರ್ಪು ಅವರ ಕೈಯಲ್ಲೇ ಉಳಿಯುತ್ತದೆ. ಕಲಿಸಿದವರ, ಜೊತೆಗೂಡಿದವರ ಹೆಸರು ಅದೇ ಉಸಿರಿನಲ್ಲಿ ಬರಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರದ ತಿಂಗಳ ಸಭೆಯಲ್ಲಿ ಒಬ್ಬ ಆಶಾ ಕಾರ್ಯಕರ್ತೆ ಹೀಗೆ ಹೇಳಬಹುದು: "ಮೇಡಂ, ಹೋದ ತಿಂಗಳು ನಮ್ಮ ಊರಿಂದ ಬಿಪಿ, ಶುಗರ್ ಪರೀಕ್ಷೆಗೆ ಮೂವತ್ತು ಜನರನ್ನ ಕರ್ಕೊಂಡು ಬಂದಿದ್ದೆ. ಐದಾರು ಜನಕ್ಕೆ ಬಿಪಿ ಇರೋದು ಹೊಸದಾಗಿ ಗೊತ್ತಾಯ್ತು. ಅವರು ಮಾತ್ರೆ ತಗೋತಾ ಇದಾರಾ ಅಂತ ವಾರಕ್ಕೊಂದು ಸಲ ನೋಡ್ಕೊಂಡು ಬರ್ತಿದೀನಿ. ಪಟ್ಟಿ ಮಾಡೋದು ಹೇಗೆ ಅಂತ ಸಿಸ್ಟರ್ ಹೇಳ್ಕೊಟ್ರು. ಬೇರೆ ಊರಿನವರಿಗೆ ಬೇಕಿದ್ರೆ ತೋರಿಸ್ಕೊಡ್ತೀನಿ." ಅರ್ಧ ನಿಮಿಷದ ಮಾತು. ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೆ ಹೆರಿಗೆಗೆ, ಲಸಿಕೆಗೆ ಮಾತ್ರ ನೆನಪಾಗುತ್ತಿದ್ದವರು ಅಂದಿನಿಂದ ಇನ್ನೊಂದು ಕೆಲಸಕ್ಕೂ ನೆನಪಾಗುತ್ತಾರೆ. ಕೊನೆಯ ವಾಕ್ಯವೇ ಎಲ್ಲಕ್ಕಿಂತ ಮುಖ್ಯ. ಕಲಿತದ್ದನ್ನು ಹಂಚಲು ಸಿದ್ಧ ಎಂದಾಗ ಕೇಳಿದವರಿಗೂ ಅದರಿಂದ ಲಾಭ. ಹೇಳಿದವರ ಮುಜುಗರ ಹೋಗುವುದೂ ಅಲ್ಲೇ.

ಒಂದು ಅಡ್ಡದಾರಿ ಮಾತ್ರ ಬೇಡ. ನೇರವಾಗಿ ಹೇಳಲು ನಾಚಿ, ಗೊಣಗಾಟದ ರೂಪದಲ್ಲಿ ಹೇಳುವುದು. "ಅಯ್ಯೋ, ಎಲ್ಲಾದಕ್ಕೂ ನನ್ನನ್ನೇ ಕರೀತಾರೆ, ಊಟ ಮಾಡೋಕೂ ಪುರುಸೊತ್ತಿಲ್ಲ" ಎನ್ನುವ ಧಾಟಿ. ವಿನಯದ ಹೊದಿಕೆಯ ಈ ಬಡಾಯಿಯನ್ನು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಆರಂಭವಾದ ಅಧ್ಯಯನವೊಂದು ಪರೀಕ್ಷಿಸಿತು. ಅದು 2018ರಲ್ಲಿ ಪ್ರಕಟವಾಯಿತು. ನೇರವಾಗಿ ಹೇಳಿಕೊಂಡವರಿಗಿಂತ ಹೀಗೆ ಸುತ್ತಿ ಹೇಳಿದವರನ್ನೇ ಜನ ಕಡಿಮೆ ಮೆಚ್ಚಿದರು. ಮಾತಿನಲ್ಲಿ ಪ್ರಾಮಾಣಿಕತೆ ಇಲ್ಲ ಎಂದು ಅವರಿಗೆ ಅನಿಸಿತ್ತು.

ಕೆಲಸವನ್ನೇ ಹೇಳಬೇಕು, ಇದ್ದಂತೆ ಹೇಳಬೇಕು, ನೇರವಾಗಿ ಹೇಳಬೇಕು ಎಂದಾಯಿತು. ಯಾವಾಗ ಎಂಬುದಕ್ಕೆ ಹೆಚ್ಚು ಮಾತು ಬೇಡ. ಕೇಳುವವರಿಗೆ ಬಿಡುವಿದ್ದಾಗ. ಹುಣಸೂರು, ಪಿರಿಯಾಪಟ್ಟಣದ ತಂಬಾಕು ಹರಾಜು ಮಾರುಕಟ್ಟೆಗೆ ಬೇಲುಗಳು ಬಂದು ಬೀಳುವ ತಿಂಗಳುಗಳಲ್ಲಿ ಅಲ್ಲಿನ ಸಿಬ್ಬಂದಿಗೆ ಬೇರೆ ಮಾತು ಕಿವಿಗೆ ಹೋಗದು. ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹೊತ್ತು, ಬ್ಯಾಂಕಿನಲ್ಲಿ ಮಾರ್ಚ್ ಕೊನೆ ಹಾಗೆಯೇ. ತಿಂಗಳ ಸಭೆ ಸರಿಯಾದ ಜಾಗ, ಏಕೆಂದರೆ ಅಲ್ಲಿ ವರದಿ ಕೇಳಲೆಂದೇ ಕೂತಿರುತ್ತಾರೆ. ಸಭೆಗೆ ಒಂದು ಸಂಗತಿ ಸಾಕು. ಕಚೇರಿಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೆರಡು ಫೋಟೊ ಹಾಕಿದರೆ ಯಾರೂ ತೆರೆದು ನೋಡುವುದಿಲ್ಲ.

ತಾನೇ ಹೇಳುವ ಬಗೆ ಇದಾಯಿತು. ಇನ್ನೊಬ್ಬರಿಂದ ಹೇಳಿಸುವ ಬಗೆಯೂ ಇದೆ. ಅದರ ಬಲ ಹೆಚ್ಚು.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆಫ್ರಿ ಫೆಫರ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ತೋರಿಸಿದರು. ಅದೇ ಮಾತನ್ನು ವ್ಯಕ್ತಿ ತಾನೇ ಹೇಳಿದಾಗ ಒಂದು ಬಗೆಯ ಅಭಿಪ್ರಾಯ. ಅವರ ಪರವಾಗಿ ಇನ್ನೊಬ್ಬರು ಹೇಳಿದಾಗ ಅದಕ್ಕಿಂತ ಒಳ್ಳೆಯ ಅಭಿಪ್ರಾಯ. ಹೇಳುವವರು ಅದಕ್ಕಾಗಿ ಹಣ ಪಡೆದಿದ್ದಾರೆ ಎಂದು ಕೇಳುಗರಿಗೆ ಗೊತ್ತಿದ್ದರೂ ಫಲ ಬದಲಾಗಲಿಲ್ಲ.

ಮೈಸೂರು ಜಿಲ್ಲೆಯವರಿಗೆ ಈ ಸಂಗತಿ ಅರ್ಜುನನ ಕತೆಯಲ್ಲಿ ಸುಲಭವಾಗಿ ಅರ್ಥವಾಗುತ್ತದೆ. ಅರ್ಜುನ ಎಚ್.ಡಿ. ಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದಲ್ಲಿದ್ದ ಆನೆ. 1990ರ ದಶಕದಲ್ಲಿ ಮಾವುತನೊಬ್ಬನ ಸಾವಿಗೆ ಕಾರಣ ಎಂಬ ಅಪವಾದ ಅದಕ್ಕೆ ಅಂಟಿತು. ಮುಂಗೋಪಿ ಎಂಬ ಹೆಸರು ಬಂತು. ಆ ಹೆಸರು ಬಹಳ ವರ್ಷ ಬಿಡಲಿಲ್ಲ. ಆದರೂ 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತದ್ದು ಅದೇ ಅರ್ಜುನ. ದಸರೆಗೆ ಮೊದಲು ವಾರಗಟ್ಟಲೆ ತಾಲೀಮು ನಡೆಯುತ್ತದೆ. ಆನೆಗಳು ಅರಮನೆಯಿಂದ ಬನ್ನಿಮಂಟಪದವರೆಗೆ ನಡೆಯುತ್ತವೆ. ಬೆನ್ನ ಮೇಲಿನ ಮರಳು ಮೂಟೆಯ ಭಾರ ದಿನಕಳೆದಂತೆ ಏರುತ್ತದೆ. ಆಮೇಲೆ ಮರದ ಅಂಬಾರಿ ಬರುತ್ತದೆ. ಇಡೀ ಊರು ಅದನ್ನು ನೋಡುತ್ತದೆ. ಆನೆಯ ಸ್ವಭಾವ ಬಲ್ಲ ಮಾವುತ, ಕಾವಾಡಿಗಳ ಮಾತಿಗೆ ಆಗ ಸಾಕ್ಷಿ ಸಿಗುತ್ತದೆ. ನೌಕರರ ವಿಷಯದಲ್ಲೂ ಕ್ರಮ ಹೀಗೇ ಇರಬೇಕು. ಮೊದಲು ಸಣ್ಣ ಹೊಸ ಕೆಲಸವನ್ನು ಎಲ್ಲರೆದುರು ಮಾಡಿ ತೋರಿಸುವುದು. ಹತ್ತಿರದಿಂದ ನೋಡಿದವರು ಅದನ್ನು ಹೇಳುವುದು. ಜೊತೆಯವರು ಪರಸ್ಪರ ಹೀಗೆ ಹೇಳಿಕೊಂಡರೆ ಇಬ್ಬರಿಗೂ ಹಗುರ. "ಸಾರ್, ಆ ಪಟ್ಟಿ ಸರಿ ಮಾಡಿದ್ದು ಮಂಜುಳಕ್ಕ" ಎಂಬ ಒಂದು ಮಾತು ಮಂಜುಳಕ್ಕ ತಾವೇ ಹತ್ತು ಸಲ ಹೇಳುವುದಕ್ಕೆ ಸಮ.

ಬಾಯಿಮಾತಿನ ದಾರಿಗಳು ಇಲ್ಲಿಗೆ ಮುಗಿದವು. ಬಾಯಿಮಾತು ಮರೆತುಹೋಗುತ್ತದೆ, ಅಧಿಕಾರಿ ವರ್ಗವಾಗಿ ಹೋಗುತ್ತಾರೆ. ಉಳಿಯುವುದು ಬರಹ.

ಸರ್ಕಾರಿ ನೌಕರರ ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಅಧಿಕಾರಿಗಳು ತಾವು ಮಾಡಿದ ಕೆಲಸವನ್ನು ತಾವೇ ಬರೆಯುವ ಭಾಗವಿರುತ್ತದೆ. ಅನೇಕರು ಅಲ್ಲಿ "ವಹಿಸಿದ ಕೆಲಸಗಳನ್ನು ನಿರ್ವಹಿಸಿದ್ದೇನೆ" ಎಂದು ಒಂದು ಸಾಲು ಬರೆದು ಸಹಿ ಹಾಕುತ್ತಾರೆ. ಕಾನೂನೇ ಕೊಟ್ಟ ಅವಕಾಶ ಹೀಗೆ ವ್ಯರ್ಥವಾಗುತ್ತದೆ. ಇದರ ಬೆಲೆ ಎಷ್ಟು ಎಂಬುದಕ್ಕೆ ಸುಪ್ರೀಂ ಕೋರ್ಟಿನ 2008ರ ತೀರ್ಪೊಂದು ಸಾಕ್ಷಿ. ದೇವ್ ದತ್ ಎಂಬವರು ಗಡಿ ರಸ್ತೆ ಸೇವೆಯಲ್ಲಿ ಎಂಜಿನಿಯರ್. ಒಂದು ವರ್ಷದ ವರದಿಯಲ್ಲಿ ಅವರಿಗೆ "ಉತ್ತಮ" ಎಂದು ಬರೆಯಲಾಗಿತ್ತು. ಕೇಳಲು ಚೆನ್ನಾಗಿದೆ. ಆದರೆ ಬಡ್ತಿಗೆ "ಬಹಳ ಉತ್ತಮ" ಬೇಕಿತ್ತು. ಆ ಒಂದು ಪದದಿಂದ ಬಡ್ತಿ ತಪ್ಪಿತು. ಹಾಗೆ ಬರೆದಿದ್ದಾರೆ ಎಂಬುದೂ ಅವರಿಗೆ ತಿಳಿದಿರಲಿಲ್ಲ. ವರದಿಯ ಪ್ರತಿಯೊಂದು ನಮೂದನ್ನೂ ನೌಕರರಿಗೆ ತಿಳಿಸಲೇಬೇಕು, ಅದನ್ನು ಮೇಲ್ದರ್ಜೆಗೇರಿಸಲು ಕೋರುವ ಅವಕಾಶ ಅವರಿಗಿರಬೇಕು ಎಂದು ನ್ಯಾಯಾಲಯ ಹೇಳಿತು. ತನ್ನ ಬಗ್ಗೆ ಬರೆದಿರುವುದನ್ನು ನೋಡುವುದು, ಸರಿಯಿಲ್ಲದಿದ್ದರೆ ಆಧಾರ ಸಹಿತ ಹೇಳುವುದು, ಎರಡೂ ಹಕ್ಕುಗಳು.

ಆಧಾರ ಎಲ್ಲಿಂದ ಬರಬೇಕು? ಮೇಜಿನ ಖಾನೆಯಲ್ಲಿ ಒಂದು ಸಣ್ಣ ಪುಸ್ತಕವಿದ್ದರೆ ಸಾಕು. ವಾರಕ್ಕೆ ಎರಡು ಸಾಲು. ದಿನಾಂಕ, ಮಾಡಿದ ಕೆಲಸ, ಅದರಿಂದ ಯಾರಿಗೆ ಏನಾಯಿತು. ವರ್ಷದ ಕೊನೆಯಲ್ಲಿ ವರದಿ ಬರೆಯಲು ಕೂತಾಗ ನೆನಪು ಕೈಕೊಡುವುದಿಲ್ಲ. ಸಭೆಯಲ್ಲಿ ಹೇಳಲೂ ಅದೇ ಪುಸ್ತಕ ಸಾಕಾಗುತ್ತದೆ.

ಕೆಲಸವನ್ನು ಬಿಡಿಸಿ ಬರೆದಿಟ್ಟಾಗ ಒಬ್ಬರ ಗುರುತಲ್ಲ, ಒಂದು ವರ್ಗದ ಗುರುತೇ ಬದಲಾಗುತ್ತದೆ ಎಂಬುದಕ್ಕೆ ಅಂಗನವಾಡಿಯೇ ನಿದರ್ಶನ. ಮಕ್ಕಳ ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ಇದೇ ಜಿಲ್ಲೆಯ ಟಿ. ನರಸೀಪುರಕ್ಕೆ. ಅಂದಿನಿಂದ ದಶಕಗಳ ಕಾಲ ಕಾರ್ಯಕರ್ತೆಯರನ್ನು ಅರೆಹೊತ್ತಿನ ಗೌರವಧನದವರು ಎಂದೇ ನೋಡಲಾಯಿತು. ಗುಜರಾತಿನ ಕಾರ್ಯಕರ್ತೆಯರ ಪ್ರಕರಣ ಸುಪ್ರೀಂ ಕೋರ್ಟ್ ತಲುಪಿತು. 2022ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಗರ್ಭಿಣಿಯರ ಮತ್ತು ಬಾಣಂತಿಯರ ಆರೈಕೆ, ಹೀಗೆ ಅವರ ಕರ್ತವ್ಯಗಳನ್ನು ನ್ಯಾಯಾಲಯ ಒಂದೊಂದಾಗಿ ನೋಡಿತು. ಇದನ್ನು ಅರೆಹೊತ್ತಿನ ಕೆಲಸ ಎನ್ನಲಾಗದು ಎಂದಿತು. ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿಯ ಹಕ್ಕಿದೆ ಎಂದು ತೀರ್ಮಾನಿಸಿತು.

ಹೇಳುವುದು, ಹೇಳಿಸುವುದು, ಬರೆಯುವುದು ಇಷ್ಟೂ ನೌಕರರ ಕಡೆಯ ಕೆಲಸ. ಮೇಲಿನವರ ಕಡೆಯ ಕೆಲಸ ಇನ್ನೂ ಉಳಿದಿದೆ. ಅದು ಹಾಡಿಯಿಂದ ಬಂದವರ ವಿಷಯದಲ್ಲಿ ಮತ್ತೂ ಮುಖ್ಯ. ಪಿಡಿಒ ಇರಲಿ, ಮುಖ್ಯೋಪಾಧ್ಯಾಯರಿರಲಿ, ವೈದ್ಯಾಧಿಕಾರಿ ಇರಲಿ, ವರ್ಷಕ್ಕೊಮ್ಮೆ ಪ್ರತಿಯೊಬ್ಬರನ್ನೂ ಕೂರಿಸಿಕೊಂಡು, ಹೊಸದಾಗಿ ಏನು ಕಲಿತಿರಿ, ಯಾವ ಕೆಲಸ ಮಾಡಲು ಇಷ್ಟ ಎಂದು ಕೇಳಬೇಕು. ಕೇಳಿದ್ದನ್ನು ಕಾರ್ಯಹಂಚಿಕೆಯ ಆದೇಶದಲ್ಲಿ ಬರೆಯಬೇಕು. ಕೇಳಿದಾಗ ಉತ್ತರಿಸುವುದು ಯಾರಿಗೂ ಬಡಾಯಿಯಾಗಿ ತೋರುವುದಿಲ್ಲ. ಮಾತಾಡಲು ಹಿಂಜರಿಯುವವರ ಅರ್ಧ ಕಷ್ಟ ಇದರಿಂದಲೇ ತೀರುತ್ತದೆ.

ಇಷ್ಟಾದರೂ ಕೆಲವು ಕಡೆ ಗುರುತು ಬದಲಾಗದು. ಒಂದು ವರ್ಷ ನೋಡಿ, ಬೇಕಾದ ಕೆಲಸವನ್ನು ಹೆಸರಿಸಿ ಲಿಖಿತವಾಗಿ ಕೇಳಬೇಕು. ಅದಕ್ಕೂ ಫಲವಿಲ್ಲದಿದ್ದರೆ ವರ್ಗಾವಣೆ ಒಂದು ದಾರಿ. ಹೊಸ ಜಾಗದಲ್ಲಿ ಹಳೆಯ ಹೆಸರು ಇರುವುದಿಲ್ಲ. ಅಲ್ಲಿ ಮೊದಲ ವಾರದಲ್ಲೇ, ಪರಿಚಯ ಹೇಳುವಾಗ, ಹಿಂದಿನ ಹುದ್ದೆಯ ಹೆಸರಿನ ಜೊತೆಗೆ ಈಗ ಮಾಡಬಲ್ಲ ಎರಡು ಕೆಲಸಗಳನ್ನೂ ಸೇರಿಸಿ ಹೇಳಬೇಕು. ಸೇವಾ ಪುಸ್ತಕದಲ್ಲಿ ತರಬೇತಿಗಳ ನಮೂದು ಆಗಿದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಬೇಕು.